ನಿಜಾಮುದ್ದೀನ್‌ನಿಂದ ಕುದ್ರುವಿಗೆ: ಕಡಿಮೆ ಖರ್ಚಿನ ದ್ವೀಪವಾಸದ ಲೆಕ್ಕಾಚಾರ

ಯಾವ ದಿಕ್ಕಿನ ಸಮುದ್ರವೂ ಹತ್ತಿರವಿಲ್ಲದ ದೆಹಲಿಯಿಂದ ಪ್ರತಿದಿನ ಹೊರಡುವ ರೈಲೊಂದು ತನ್ನ ಹೆಸರಿನಲ್ಲೇ ಒಂದು ದ್ವೀಪಸಮೂಹವನ್ನು ಹೊತ್ತುಕೊಂಡಿದೆ. ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಎರ್ನಾಕುಲಂವರೆಗೆ ಸಾಗುವ 12618 ಸಂಖ್ಯೆಯ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಆಗ್ರಾ, ಭೋಪಾಲ, ಭುಸಾವಳಗಳನ್ನು ದಾಟಿ, ಪನ್ವೇಲ್‌ನಿಂದ ಕೊಂಕಣದ ಹಾದಿ ಹಿಡಿದು, ಕಾರವಾರ, ಉಡುಪಿ, ಮಂಗಳೂರುಗಳ ಮೂಲಕ ಕೇರಳವನ್ನು ಸೇರುತ್ತದೆ. ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳನ್ನು ಒಳಗೊಂಡು ಹರಿಯಾಣ, ಉತ್ತರ ಪ್ರದೇಶ ಮತ್ತು ರಾಜಸ್ಥಾನದ ಹಲವು ಜಿಲ್ಲೆಗಳವರೆಗೆ ಹಬ್ಬಿರುವ ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ರೈಲು ಊರಿಗೆ ಹೋಗುವ ದಾರಿಯೆಂದಷ್ಟೇ ಪರಿಚಿತ. ಆದರೆ ಸ್ವಂತ ವಾಹನವಿಲ್ಲದೆ, ಹೋಟೆಲಿನ ಖರ್ಚಿಲ್ಲದೆ, ನೀರು ಸುತ್ತುವರಿದ ನೆಲದ ಮೇಲೆ ಗುಡಾರ ಹಾಕಿ ಎರಡು ರಾತ್ರಿ ಕಳೆಯಬೇಕೆನ್ನುವವರಿಗೂ ಇದೇ ಅತ್ಯಂತ ನೇರವಾದ ದಾರಿಯಾಗಿದೆ.

ಇಂಥ ಪ್ರವಾಸದ ಖರ್ಚು ಕಡಿಮೆಯಾಗುವುದು ಎಲ್ಲೆಡೆ ಚೌಕಾಸಿ ಮಾಡುವುದರಿಂದಲ್ಲ, ಯೋಜನೆಯನ್ನು ಸರಿಯಾದ ತುದಿಯಿಂದ ಆರಂಭಿಸುವುದರಿಂದ. ಸಾರ್ವಜನಿಕ ಸಾರಿಗೆಯ ಪಯಣವೆಂದರೆ ಮೆಟ್ರೊ, ರೈಲು, ಬಸ್ಸು, ದೋಣಿಗಳು ಒಂದಕ್ಕೊಂದು ಕೊಂಡಿಯಾಗಿ ನಿಂತ ಸರಪಳಿ; ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಅದರ ಜಾಗಕ್ಕೆ ಬಾಡಿಗೆ ಕಾರು ಬರುತ್ತದೆ, ಉಳಿಸಿದ ಹಣವೆಲ್ಲ ಅಲ್ಲಿಗೆ ಮುಗಿಯುತ್ತದೆ. ಆದುದರಿಂದ ಯೋಜನೆ ರೂಪಿಸುವವರು ಮನೆಯ ಬಾಗಿಲಿನಿಂದ ಮುಂದಕ್ಕಲ್ಲ, ದ್ವೀಪದಿಂದ ಮರಳುವ ಕೊನೆಯ ದೋಣಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ದ್ವೀಪ, ನಡುಗಡ್ಡೆ, ಕುದ್ರು

ಸಂಸ್ಕೃತದ ದ್ವೀಪ ಶಬ್ದವು ‘ಎರಡು’ ಮತ್ತು ‘ನೀರು’ ಎಂಬರ್ಥದ ಪದಗಳು ಕೂಡಿ ಆದದ್ದು. ಎರಡೂ ಬದಿಯಲ್ಲಿ ನೀರುಳ್ಳ ನೆಲ ಎಂಬುದು ಅದರ ಮೂಲಾರ್ಥ. ಕನ್ನಡದ ನಡುಗಡ್ಡೆ ಇದೇ ಕಲ್ಪನೆಯನ್ನು ಇನ್ನೂ ಸರಳವಾಗಿ ಹೇಳುತ್ತದೆ. ಕರಾವಳಿಯಲ್ಲಿ ಇದರ ಜೊತೆಗೆ ಕುದ್ರು ಎಂಬ ಇನ್ನೊಂದು ಮಾತು ಬಳಕೆಯಲ್ಲಿದೆ: ಪಶ್ಚಿಮ ಘಟ್ಟದಿಂದ ಇಳಿದು ಬಂದ ನದಿ ಸಮುದ್ರವನ್ನು ಸೇರುವ ಮುನ್ನ ವೇಗ ಕಳೆದುಕೊಂಡು, ತಾನು ತಂದ ಮಣ್ಣು ಮರಳನ್ನು ನಡುವೆಯೇ ಬಿಟ್ಟು ಹರಡಿದಾಗ ಮೇಲೆದ್ದ, ತೆಂಗು ಬೆಳೆದು ಮನೆಗಳಾದ ನದಿನಡುವಿನ ನೆಲವೇ ಕುದ್ರು. ನೇತ್ರಾವತಿಯ ಪಾವೂರು ಉಳಿಯ, ಉಡುಪಿ ಸಮೀಪದ ಸ್ವರ್ಣಾ ನದಿಯ ತಿಮ್ಮಣ್ಣ ಕುದ್ರು ಇಂಥ ನೆಲಗಳಾಗಿದ್ದು, ಇವುಗಳ ಹೆಸರಿನಲ್ಲೇ ಅಲ್ಲಿನ ಬದುಕಿನ ಗುರುತಿದೆ.

ಈ ಶಬ್ದಗಳ ವ್ಯತ್ಯಾಸವನ್ನು ಗಮನಿಸುವುದು ಭಾಷೆಯ ಕುತೂಹಲಕ್ಕಾಗಿ ಮಾತ್ರವಲ್ಲ. ಜನವಸತಿಯಿಲ್ಲದ ಕಡಲ ದ್ವೀಪ, ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗದೆ ಉಳಿದ ಗುಡ್ಡದ ನೆತ್ತಿ, ಜನರು ವಾಸಿಸುವ ನದಿಯ ಕುದ್ರು ಎಂಬ ಮೂರು ಬಗೆಯ ನೆಲಗಳಲ್ಲಿ ರಾತ್ರಿ ತಂಗುವ ಅನುಮತಿ, ಕುಡಿಯುವ ನೀರಿನ ಲಭ್ಯತೆ, ತಲುಪುವ ಸಾಧನ ಮತ್ತು ಖರ್ಚು ಒಂದರಂತೆ ಇನ್ನೊಂದಿರುವುದಿಲ್ಲ.

ರಾತ್ರಿ ತಂಗಲು ಎಲ್ಲಿ ಅವಕಾಶ?

ಸ್ವೀಡನ್ ದೇಶದಲ್ಲಿ ಯಾರ ಮನೆಗೂ ತೊಂದರೆಯಾಗದಂತೆ ಪ್ರಕೃತಿಯ ನಡುವೆ ನಡೆದಾಡುವ, ಒಂದೆರಡು ರಾತ್ರಿ ಗುಡಾರ ಹಾಕುವ ಸಾರ್ವಜನಿಕ ಹಕ್ಕನ್ನು ಪರಂಪರೆಯೂ ಸಂವಿಧಾನವೂ ಮನ್ನಿಸಿವೆ. ಸ್ಕಾಟ್ಲೆಂಡ್‌ನಲ್ಲಿ 2003ರ ಭೂಸುಧಾರಣಾ ಕಾಯ್ದೆಯು ಅಂಥದೇ ಪ್ರವೇಶದ ಹಕ್ಕನ್ನು ಕೊಟ್ಟಿದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಸರ್ಕಾರವೇ ಗುರುತಿಸಿದ ಗುಡಾರದ ತಾಣಗಳಿಗೆ ಸಾರ್ವಜನಿಕ ದೋಣಿಯಲ್ಲಿ ಹೋಗಿ ಬರಬಹುದು. ಭಾರತದಲ್ಲಿ ಇಂಥ ಸಾರ್ವತ್ರಿಕ ಹಕ್ಕು ಇಲ್ಲ. ಇಲ್ಲಿ ಪ್ರತಿಯೊಂದು ನೆಲಕ್ಕೂ ಅರಣ್ಯ ಇಲಾಖೆ, ನೌಕಾಪಡೆ, ಪಂಚಾಯಿತಿ ಅಥವಾ ಖಾಸಗಿ ಕುಟುಂಬ ಎಂಬ ಒಬ್ಬ ಒಡೆಯನಿದ್ದು, ಅವರ ಒಪ್ಪಿಗೆಯಿಲ್ಲದೆ ಹಾಕಿದ ಗುಡಾರ ಅತಿಕ್ರಮಣವೆನಿಸುತ್ತದೆ. ಆದ್ದರಿಂದ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗಿಂತ ಮೊದಲು ಎಲ್ಲಿ ತಂಗಬಹುದೆಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ.

ರೈಲಿನ ಹೆಸರಿನಲ್ಲಿರುವ ಲಕ್ಷದ್ವೀಪವನ್ನೇ ಮೊದಲು ನೋಡಬಹುದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳನ್ನೊಳಗೊಂಡ ಅಮಿನ್‌ದೀವಿ ಗುಂಪು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು ಎಂಬುದು ಕನ್ನಡಿಗರು ಮರೆತಿರುವ ಸಂಗತಿ. ಆದರೆ ಇಂದು 1967ರ ಪ್ರವೇಶ ನಿಯಮಗಳ ಪ್ರಕಾರ ಮುಂಚಿತ ಪರವಾನಗಿ ಇಲ್ಲದೆ ಹೊರಗಿನವರು ಅಲ್ಲಿ ಕಾಲಿಡುವಂತಿಲ್ಲ. ಕೊಚ್ಚಿಯಿಂದ ಹೊರಡುವ ಹಡಗಿನ ಟಿಕೆಟ್ಟೂ ಆ ಪರವಾನಗಿಗೆ ಅಂಟಿಕೊಂಡಿರುವುದರಿಂದ ಚೀಲ ಹೊತ್ತು ಹೊರಟುಬಿಡುವ ಅಗ್ಗದ ಪ್ರವಾಸಕ್ಕೆ ಅದು ಒಗ್ಗದು. ಮುರುಡೇಶ್ವರದ ಕಡಲಿನಾಚೆ ಇರುವ ನೇತ್ರಾಣಿ, ಕಾರವಾರದ ಸಮೀಪದ ಅಂಜದೀವಗಳು ನೌಕಾಪಡೆಯ ಬಳಕೆಯಲ್ಲಿರುವುದರಿಂದ ಅಲ್ಲಿ ರಾತ್ರಿ ತಂಗುವ ಮಾತೇ ಬರುವುದಿಲ್ಲ.

ಕರಾವಳಿಗಿಂತ ದೆಹಲಿಗೆ ಸಮೀಪವಿರುವ, ದ್ವೀಪಗಳುಳ್ಳ ಒಂದು ನೀರೆಂದರೆ ಹಿಮಾಚಲದ ಕಾಂಗ್ರಾ ಜಿಲ್ಲೆಯ ಪೋಂಗ್ ಜಲಾಶಯ. ಬಿಯಾಸ್ ನದಿಗೆ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯಿಂದಾದ ಈ ಮಹಾರಾಣಾ ಪ್ರತಾಪ್ ಸಾಗರಕ್ಕೆ ಹೋಗುವ ಪಯಣವು, ಕಾಕತಾಳೀಯವೆಂಬಂತೆ, ಅದೇ ಮಹಾರಾಣಾನ ಹೆಸರಿನ ಕಶ್ಮೀರಿ ಗೇಟ್ ಬಸ್ ನಿಲ್ದಾಣದಿಂದ ಆರಂಭವಾಗುತ್ತದೆ. ಆದರೆ 2002ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಈ ಸರೋವರವು ಚಳಿಗಾಲದ ವಲಸೆ ಹಕ್ಕಿಗಳ ನೆಲೆಯಾಗಿದ್ದು, ಅಲ್ಲಿ ತಂಗುವುದಕ್ಕೆ ವನ್ಯಜೀವಿ ವಿಭಾಗದ ಅನುಮತಿ ಬೇಕು. ಜಲಾಶಯದ ದ್ವೀಪವು ಋತುವಿನ ದ್ವೀಪವೂ ಹೌದು: ಮಳೆಗಾಲದ ಕೊನೆಗೆ ತುಂಬಿ ನಿಂತ ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ಗುಡ್ಡದ ನೆತ್ತಿಗಳು ಮತ್ತೆ ದಡಕ್ಕೆ ಅಂಟಿಕೊಳ್ಳುತ್ತವೆ. ನಾಲ್ಕು ದಿನಗಳಷ್ಟೇ ಬಿಡುವಿರುವವರು ಅನುಮತಿಯ ಕೆಲಸವನ್ನು ಮುಂಚೆಯೇ ಮುಗಿಸಿಕೊಂಡರೆ ಪೋಂಗ್‌ನತ್ತ ಹೋಗಬಹುದು. ಎಂಟು ದಿನ ಹೊಂದಿಸಬಲ್ಲವರಿಗೆ ಉಡುಪಿಯ ದಾರಿಯೇ ಹೆಚ್ಚು ಫಲಕೊಡುವಂಥದು.

ಉಡುಪಿಯ ವಿಶೇಷವೆಂದರೆ ಅಲ್ಲಿ ಎರಡು ಬಗೆಯ ದ್ವೀಪಗಳು ಸಿಟಿ ಬಸ್ಸಿನ ಅಳತೆಯಲ್ಲೇ ಸಿಗುತ್ತವೆ. ಮಲ್ಪೆಯ ದಡದಿಂದ ಸುಮಾರು ಆರು ಕಿಲೋಮೀಟರ್ ದೂರದ ಸೇಂಟ್ ಮೇರೀಸ್ ದ್ವೀಪ ಹಗಲಿಗೆ ಮಾತ್ರ ತೆರೆದಿರುವಂಥದು, ಅಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ಸ್ವರ್ಣಾ ನದಿಯ ಕುದ್ರುಗಳಲ್ಲಾದರೋ ಜನರಿದ್ದಾರೆ, ಮನೆಗಳಿವೆ, ಅಂಗಳಗಳಿವೆ. ಮನೆಯವರ ಒಪ್ಪಿಗೆ ಪಡೆದು, ಅವರು ಹೇಳಿದ ಬಾಡಿಗೆ ಕೊಟ್ಟು ಅಂಗಳದ ಅಂಚಿನಲ್ಲಿ ಗುಡಾರ ಹಾಕಿಕೊಳ್ಳುವುದಕ್ಕೆ ಅಲ್ಲಿ ಅವಕಾಶ ಕೇಳಬಹುದು. ಹಗಲಿಗೆ ಕಡಲ ದ್ವೀಪ, ರಾತ್ರಿಗೆ ಕುದ್ರು ಎಂದು ಹಂಚಿಕೊಂಡಾಗ ನಿಯಮವೂ ಪಾಲನೆಯಾಗುತ್ತದೆ, ದ್ವೀಪವಾಸದ ಆಸೆಯೂ ಈಡೇರುತ್ತದೆ.

ಋತು, ತಿಥಿ ಮತ್ತು ಕೊನೆಯ ದೋಣಿ

ದೆಹಲಿಯ ಶಾಲೆಗಳಿಗೆ ದೀರ್ಘ ರಜೆ ಸಿಗುವುದು ಮೇ ಮತ್ತು ಜೂನ್ ತಿಂಗಳುಗಳಲ್ಲಿ. ಊರಿನ ಪ್ರಯಾಣಗಳೂ ಹೆಚ್ಚಾಗಿ ಆಗಲೇ ನಡೆಯುತ್ತವೆ. ದ್ವೀಪದ ಯೋಜನೆಗೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಜೂನ್ ಮೊದಲ ವಾರದ ಹೊತ್ತಿಗೆ ನೈಋತ್ಯ ಮುಂಗಾರು ಕರ್ನಾಟಕದ ಕರಾವಳಿಯನ್ನು ಮುಟ್ಟುತ್ತದೆ, ಕಡಲು ಅದಕ್ಕೂ ಮೊದಲೇ ಒರಟಾಗುತ್ತದೆ, ಮಲ್ಪೆಯ ಪ್ರವಾಸಿ ದೋಣಿಗಳು ಮಳೆಗಾಲವಿಡೀ ನಿಲ್ಲುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುತ್ತದೆ; ಕೊಂಕಣ ರೈಲ್ವೆಯೂ ಗುಡ್ಡ ಕುಸಿತದ ಭಯದಿಂದ ಮಳೆಗಾಲಕ್ಕೆಂದೇ ನಿಧಾನಗತಿಯ ಬೇರೆ ವೇಳಾಪಟ್ಟಿಯನ್ನು ಅನುಸರಿಸುತ್ತದೆ. ಆದ್ದರಿಂದ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಅವಧಿಯೇ ಸೂಕ್ತವಾದುದು. ದೆಹಲಿಯ ಕಿರುಹಗಲಿನ ಆ ದಿನಗಳಲ್ಲಿ, ಸಮಭಾಜಕಕ್ಕೆ ಹೆಚ್ಚು ಸಮೀಪವಿರುವ ಉಡುಪಿಯ ಹಗಲು ಸುಮಾರು ಒಂದು ಗಂಟೆಯಷ್ಟು ದೀರ್ಘವಾಗಿರುತ್ತದೆ ಎಂಬುದೂ ಬಯಲಿನಲ್ಲಿ ಬದುಕುವವರಿಗೆ ದೊರೆಯುವ ಲಾಭವೇ. ಎರಡು ವರ್ಷಗಳಿಗೊಮ್ಮೆ, ಸಮಸಂಖ್ಯೆಯ ವರ್ಷಗಳ ಜನವರಿ 18ರಂದು, ಕೃಷ್ಣಮಠದ ಪೂಜಾಧಿಕಾರವು ಒಂದು ಮಠದಿಂದ ಇನ್ನೊಂದು ಮಠಕ್ಕೆ ಹಸ್ತಾಂತರವಾಗುವ ಪರ್ಯಾಯೋತ್ಸವ ನಡೆಯುವುದರಿಂದ ಆ ದಿನಗಳ ಜನಸಂದಣಿಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ತಿಂಗಳು ಗೊತ್ತಾದ ಮೇಲೆ ತಿಥಿಯನ್ನು ನೋಡಬೇಕು. ಕಡಲ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವುದೇ ಉಬ್ಬರವಿಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳ ಅಂತರವಿರುವುದರಿಂದ ಅದರ ಸಮಯ ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಸೂರ್ಯ ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡುವ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಅತಿ ಎತ್ತರಕ್ಕೆ ಏರಿದರೆ, ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸೌಮ್ಯವಾಗಿರುತ್ತದೆ. ಸಮುದ್ರಕ್ಕೆ ಹತ್ತಿರವಿರುವ ಕುದ್ರುಗಳ ಸುತ್ತಲೂ ನದಿಯ ನೀರು ಇದೇ ತಾಳಕ್ಕೆ ಏರಿ ಇಳಿಯುತ್ತದೆ. ಹೀಗಾಗಿ ದೆಹಲಿಯ ಕನ್ನಡ ಮನೆಯ ಗೋಡೆಯ ಮೇಲೆ ಹಬ್ಬ, ಏಕಾದಶಿಗಳಿಗಾಗಿ ತೂಗುಹಾಕಿದ ಕ್ಯಾಲೆಂಡರೇ ಗುಡಾರ ಹಾಕುವವರಿಗೆ ಉಬ್ಬರದ ಕೈಪಿಡಿಯೂ ಆಗುತ್ತದೆ.

ಇನ್ನು ಹಿಂದಕ್ಕೆ ಲೆಕ್ಕ ಹಾಕುವ ಕ್ರಮ. ಸೇಂಟ್ ಮೇರೀಸ್‌ನಿಂದ ಸಂಜೆ ಮರಳುವ ಕೊನೆಯ ದೋಣಿಯ ಹೊತ್ತನ್ನು ಆ ದಿನ ದೋಣಿ ಏರುವಾಗಲೇ ಕೇಳಿ ತಿಳಿದು, ಅದಕ್ಕಿಂತ ಕನಿಷ್ಠ ಒಂದು ದೋಣಿ ಮೊದಲೇ ಮರಳುವುದಾಗಿ ನಿರ್ಧರಿಸಬೇಕು. ದಡ ಸೇರಿದ ಮೇಲೆ ತಿಮ್ಮಣ್ಣ ಕುದ್ರುವಿನ ಎದುರಿನ ಕೆಮ್ಮಣ್ಣಿನ ಕಡೆಗೆ ಬಸ್ಸು ಹಿಡಿದು, ಕುದ್ರುವಿನ ತೂಗುಸೇತುವೆ ದಾಟಿ, ಬೆಳಕಿರುವಾಗಲೇ ಗುಡಾರ ಎತ್ತಿ ನಿಲ್ಲಿಸುವಷ್ಟು ಸಮಯ ಉಳಿಯಬೇಕು. ಇದಕ್ಕಾಗಿ ಬೆಳಗಿನ ಮೊದಲ ದೋಣಿಗಳಲ್ಲೇ ದ್ವೀಪಕ್ಕೆ ಹೋಗಬೇಕು. ಮೊದಲ ದೋಣಿಗೆ ಸೇರಬೇಕಾದರೆ ಹಿಂದಿನ ರಾತ್ರಿಯೇ ಉಡುಪಿಯಲ್ಲಿರಬೇಕು. ಮಂಗಳಾ ಎಕ್ಸ್‌ಪ್ರೆಸ್ ಮಳೆಗಾಲವಲ್ಲದ ವೇಳಾಪಟ್ಟಿಯಲ್ಲಿ ದೆಹಲಿ ಬಿಟ್ಟ ಎರಡನೆಯ ದಿನದ ಇಳಿಹೊತ್ತು ಕಳೆದು ಉಡುಪಿಯನ್ನು ಮುಟ್ಟುವುದರಿಂದ ಈ ಲೆಕ್ಕ ಕೂಡಿಬರುತ್ತದೆ. ಡಿಸೆಂಬರ್, ಜನವರಿಯ ಮಂಜಿನಿಂದ ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುವ ಸಾಧ್ಯತೆ ಇರುವುದರಿಂದ, ಉಡುಪಿಯ ಆ ಮೊದಲ ರಾತ್ರಿಯನ್ನು ಕಳೆದುಹೋದ ರಾತ್ರಿಯೆಂದು ಭಾವಿಸದೆ ಇಡೀ ಯೋಜನೆಯನ್ನು ಕಾಯುವ ಬಿಡುವು ಎಂದೇ ತಿಳಿಯಬೇಕು.

ರೈಲಿನ ಲೆಕ್ಕ, ಬಸ್ಸಿನ ಲೆಕ್ಕ

ಭಾರತೀಯ ರೈಲ್ವೆಯ ಪ್ರಯಾಣ ದರವು ದೂರ ಹೆಚ್ಚಾದಂತೆ ಕಿಲೋಮೀಟರಿಗೆ ಬೀಳುವ ಮೊತ್ತ ಕಡಿಮೆಯಾಗುತ್ತ ಹೋಗುವ ಕ್ರಮದಲ್ಲಿದೆ. ಇದನ್ನು ಟೆಲಿಸ್ಕೋಪಿಕ್ ದರ ಎನ್ನುತ್ತಾರೆ. ಹೀಗಾಗಿ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ಈ ಪಯಣಕ್ಕೆ ಸ್ಲೀಪರ್ ದರ್ಜೆಯ ಟಿಕೆಟ್ಟು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಅದೇ ದೂರವನ್ನು ಎರಡು ಮೂರು ತುಂಡುಗಳಾಗಿ ಮಾಡಿ ಬೇರೆ ಬೇರೆ ಟಿಕೆಟ್ ಕೊಂಡರೆ ಹೆಚ್ಚು ತೆರಬೇಕಾಗುತ್ತದೆ. ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. ಹೋಗುವ ಮತ್ತು ಮರಳುವ ದಿನಗಳೆರಡಕ್ಕೂ ಆ ಅರವತ್ತನೆಯ ದಿನವನ್ನು ಗುರುತು ಮಾಡಿಕೊಂಡು ಬೆಳಿಗ್ಗೆಯೇ ಟಿಕೆಟ್ ಪಡೆಯುವುದು ಇಡೀ ಯೋಜನೆಯ ಅತ್ಯಂತ ಮುಖ್ಯವಾದ ಕೆಲಸ. ರಾಜಧಾನಿ ಎಕ್ಸ್‌ಪ್ರೆಸ್ ಕೂಡ ಪನ್ವೇಲ್‌ನಿಂದಾಚೆ ಇದೇ ಕೊಂಕಣದ ಹಾದಿಯಲ್ಲಿ ಸಾಗಿ ಬೇಗ ತಲುಪುವುದು ನಿಜವಾದರೂ ಅದರ ದರ ಈ ಬಗೆಯ ಪ್ರವಾಸಕ್ಕೆ ತಕ್ಕದ್ದಲ್ಲ.

ನಿಜಾಮುದ್ದೀನ್ ನಿಲ್ದಾಣವು ಮೆಟ್ರೊದ ಗುಲಾಬಿ ಮಾರ್ಗದ ಸರಾಯ್ ಕಾಲೇ ಖಾನ್ ನಿಲ್ದಾಣಕ್ಕೆ ಹೊಂದಿಕೊಂಡಿದೆ. ಆದರೆ ಬೆಳಗಿನ ಜಾವವೇ ಹೊರಡುವ ರೈಲಿಗೆ ದ್ವಾರಕಾ, ಗುರುಗ್ರಾಮ ಅಥವಾ ಗ್ರೇಟರ್ ನೋಯ್ಡಾದಿಂದ ಮೊದಲ ಮೆಟ್ರೊ ಹಿಡಿದು ಬರುವುದು ನಂಬುವಂಥ ಉಪಾಯವಲ್ಲ. ಹಿಂದಿನ ರಾತ್ರಿಯ ಕೊನೆಯ ಮೆಟ್ರೊಗಳಲ್ಲಿ ಬಂದು ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ಉಳಿಯುವುದು, ಇಲ್ಲವೆ ಹತ್ತಿರದ ಬಡಾವಣೆಯ ಪರಿಚಿತರ ಮನೆಯಲ್ಲಿ ರಾತ್ರಿ ಕಳೆಯುವುದು ಮೇಲು. ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘ, ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಗಳ ಸುತ್ತ ಬೆಳೆದಿರುವ ಸ್ನೇಹಗಳು ಇಂಥ ಸಂದರ್ಭದಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ನಾಲ್ಕು ಮನೆಗಳವರು ಕೂಡಿದರೆ ಎರಡು ಗುಡಾರ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ನೀರಿನ ಕ್ಯಾನು ಎಲ್ಲರಿಗೂ ಸಾಕಾಗಿ, ಹೊಸದಾಗಿ ಕೊಳ್ಳುವ ಖರ್ಚೇ ಉಳಿಯುತ್ತದೆ.

ಬಸ್ಸಿನ ವಿಷಯದಲ್ಲಿ ದೆಹಲಿಯ ಕನ್ನಡ ಮಹಿಳೆಯರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವು ರಾಜ್ಯದ ನಿವಾಸಿ ಮಹಿಳೆಯರಿಗೆ, ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ ದೊರೆಯುತ್ತದೆ. ಆಧಾರ್ ಚೀಟಿಯಲ್ಲಿ ದೆಹಲಿ ಅಥವಾ ನೋಯ್ಡಾದ ವಿಳಾಸವಿದ್ದವರು ಮಾತು ಕನ್ನಡವಾದರೂ ಟಿಕೆಟ್ ಕೊಳ್ಳಬೇಕು. ಮೇಲಾಗಿ ಉಡುಪಿಯ ಸ್ಥಳೀಯ ಸಂಚಾರ ಬಹುಮಟ್ಟಿಗೆ ಖಾಸಗಿ ಬಸ್ಸುಗಳ ಕೈಯಲ್ಲಿದೆ. ಆದರೂ ಚಿಂತೆಗೆ ಕಾರಣವಿಲ್ಲ, ಏಕೆಂದರೆ ದೂರಗಳು ಚಿಕ್ಕವು, ಬಸ್ಸುಗಳು ಅನೇಕ, ದರ ಅಲ್ಪ. ಇಂದ್ರಾಳಿಯಲ್ಲಿರುವ ರೈಲು ನಿಲ್ದಾಣದಿಂದ ಮುಖ್ಯರಸ್ತೆಯವರೆಗೆ ನಡೆದರೆ ಮಣಿಪಾಲ, ಉಡುಪಿಗಳ ನಡುವೆ ಓಡುವ ಬಸ್ಸುಗಳು ಸಿಗುತ್ತವೆ. ಸಿಟಿ ಬಸ್ ನಿಲ್ದಾಣದಿಂದ ಮಲ್ಪೆಗೆ ಸುಮಾರು ಆರು ಕಿಲೋಮೀಟರ್. ಸಂತೆಕಟ್ಟೆಯ ಮೂಲಕ ಕೆಮ್ಮಣ್ಣು, ಹೂಡೆಗಳತ್ತಲೂ ಬಸ್ಸುಗಳಿವೆ. ಮೀನಿನ ಬುಟ್ಟಿ ಹೊತ್ತ ಹೆಂಗಸರು, ಶಾಲೆಯ ಮಕ್ಕಳು, ಕೆಲಸಕ್ಕೆ ಹೋಗುವವರು ತುಂಬಿರುವ ಬೆಳಗಿನ ಬಸ್ಸಿನಲ್ಲಿ ದೊಡ್ಡ ಚೀಲಗಳೊಂದಿಗೆ ನುಗ್ಗದೆ, ಜನ ಕಡಿಮೆಯಾದ ಮುಂದಿನ ಬಸ್ಸಿಗೆ ಕಾಯುವುದು ಪ್ರವಾಸಿಯ ಕರ್ತವ್ಯ. ಆ ಆಸನಗಳು ಮೊದಲು ಆ ಊರಿನವರವು.

ಚೀಲದೊಳಗೆ ಏನಿರಬೇಕು, ಏನಿರಬಾರದು

ಸ್ಲೀಪರ್ ದರ್ಜೆಯಲ್ಲಿ 40 ಕಿಲೋಗ್ರಾಂವರೆಗಿನ ಸಾಮಾನಿಗೆ ಶುಲ್ಕವಿಲ್ಲ. ಆದರೆ ನಿಜವಾದ ಮಿತಿಯನ್ನು ಹಾಕುವುದು ರೈಲಲ್ಲ, ಸಿಟಿ ಬಸ್ಸಿನ ಮೆಟ್ಟಿಲು ಮತ್ತು ಮನುಷ್ಯನ ಹೆಗಲು. ಒಬ್ಬರಿಗೆ ಹತ್ತು ಹನ್ನೆರಡು ಕಿಲೋಗ್ರಾಂಗಿಂತ ಹೆಚ್ಚಿನ ಹೊರೆ ಸಾರ್ವಜನಿಕ ಸಾರಿಗೆಗೆ ಹೊಂದುವುದಿಲ್ಲ. ರೈಲಿನಲ್ಲಿ ಕಳೆಯುವ ರಾತ್ರಿ ಚಳಿಯಿರುವುದರಿಂದ ಒಂದು ಶಾಲು ಮತ್ತು ಸ್ವೆಟರ್ ಬೇಕು, ಕರಾವಳಿಯಲ್ಲಿ ಅವೇ ದಿಂಬಾಗುತ್ತವೆ. ಭಾರದ ರಜಾಯಿಯ ಅಗತ್ಯ ಉಡುಪಿಯಲ್ಲಿಲ್ಲ. ಗಾಳಿ ಆಡುವ ಜಾಲರಿಯುಳ್ಳ ಹಗುರ ಗುಡಾರ, ನೆಲದ ತೇವ ತಡೆಯುವ ಚಾಪೆ, ಸೊಳ್ಳೆಯಿಂದ ರಕ್ಷಣೆ, ತಲೆಗೆ ಕಟ್ಟುವ ದೀಪ, ಒಂದು ಹಗ್ಗ, ಒಣಬಟ್ಟೆಗಳನ್ನು ಸುತ್ತಿಡಲು ನೀರು ತಾಗದ ಚೀಲ ಇವಿಷ್ಟು ಇದ್ದರೆ ಸಾಕು.

ಒಲೆಯನ್ನು ಮಾತ್ರ ಮನೆಯಲ್ಲೇ ಬಿಡಬೇಕು. ಗ್ಯಾಸ್ ಸಿಲಿಂಡರ್, ಚಾರಣಿಗರು ಬಳಸುವ ಪುಟ್ಟ ಗ್ಯಾಸ್ ಡಬ್ಬಿ, ಸೀಮೆಎಣ್ಣೆ, ಸ್ಪಿರಿಟ್ ಮುಂತಾದ ಉರಿಯುವ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯ 164ನೆಯ ಕಲಮಿನ ಪ್ರಕಾರ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಹುದಾದ ಅಪರಾಧ. ಈ ನಿಯಮದ ಹಿಂದಿನ ಕಾರಣವನ್ನು 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯ ದುರಂತ ತೋರಿಸಿಕೊಟ್ಟಿದೆ: ಕದ್ದು ತಂದಿದ್ದ ಅಡುಗೆ ಅನಿಲದಿಂದ ಹೊತ್ತಿದ ಬೆಂಕಿಯಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಒಲೆಯಿಲ್ಲದ ಊಟವನ್ನು ಕನ್ನಡದ ಅಡುಗೆಮನೆ ಬಹುಕಾಲದಿಂದ ಬಲ್ಲದು. ತೆಂಗಿನಕಾಯಿ ತುರಿ, ಬೆಲ್ಲ ಸೇರಿಸಿದ ಅವಲಕ್ಕಿ, ಹುರಿಹಿಟ್ಟು, ಶೇಂಗಾ, ಬಾಳೆಹಣ್ಣುಗಳಿಗೆ ಬೆಂಕಿ ಬೇಡ. ಉತ್ತರದ ಸತ್ತು, ಅಂದರೆ ಹುರಿದ ಕಡಲೆಯ ಹಿಟ್ಟು, ನೀರಿಗೆ ಉಪ್ಪು ನಿಂಬೆಹಣ್ಣಿನೊಂದಿಗೆ ಕಲಸಿದರೆ ಒಂದು ಹೊತ್ತಿನ ಆಹಾರವಾಗುತ್ತದೆ. ಉಡುಪಿಯಲ್ಲಿರುವ ಹೊತ್ತು ಕೃಷ್ಣಮಠದ ಅನ್ನಪ್ರಸಾದವಿದೆ, ಕುದ್ರುವಿನಲ್ಲಿ ಮನೆಯವರು ಒಪ್ಪಿದರೆ ಹಣ ಕೊಟ್ಟು ಅವರ ಮನೆಯ ಗಂಜಿ ಅಥವಾ ನೀರುದೋಸೆಯನ್ನೇ ಉಣ್ಣಬಹುದು.

ಮಲ್ಪೆಯ ಹಗಲು, ಕುದ್ರುವಿನ ರಾತ್ರಿ

ಸೇಂಟ್ ಮೇರೀಸ್ ದ್ವೀಪದ ಕಲ್ಲುಗಳು ಯಾರೋ ಅಳತೆ ಹಿಡಿದು ಕಡೆದಿಟ್ಟಂತೆ ಐದು, ಆರು, ಏಳು ಮುಖಗಳ ಕಂಬಗಳಾಗಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಹೊರಬಂದ ಲಾವಾ ತಣಿಯುತ್ತ ಕುಗ್ಗಿದಾಗ, ಒಣಗುವ ಕೆರೆಯ ಅಂಗಳದ ಕೆಸರಿನಂತೆ ಬಿರುಕುಬಿಟ್ಟು, ಆ ಬಿರುಕುಗಳು ಆಳಕ್ಕಿಳಿದು ಆದ ರಚನೆ ಇದಾಗಿದ್ದು, ಇದನ್ನು ಕಂಬಶಿಲೆ ಎನ್ನಬಹುದು. ಮಡಗಾಸ್ಕರ್ ನೆಲವು ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಗೆ ಇದು ಸಾಕ್ಷಿಯೆಂದು ಭೂವಿಜ್ಞಾನಿಗಳು ಗುರುತಿಸುತ್ತಾರೆ; ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಲ್ಲಿ ರಾತ್ರಿ ತಂಗಲು ಅವಕಾಶವಿಲ್ಲದಿರುವುದನ್ನು ಕೊರತೆಯೆಂದು ತಿಳಿಯಬೇಕಿಲ್ಲ. ಗೂಟ ಬಡಿದರೆ, ಬೆಂಕಿ ಹಾಕಿದರೆ ಮತ್ತೆಂದೂ ಸರಿಪಡಿಸಲಾಗದ ಕಲ್ಲುಗಳ ನಡುವೆ ಹಗಲಿನ ಕೆಲವು ಗಂಟೆಗಳನ್ನು ಕಳೆಯಲು ಸಿಗುವುದೇ ದೊಡ್ಡ ಅವಕಾಶ.

ಸಂಜೆಗೆ ಸೇರಬೇಕಾದ ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರುವಿಗೆ ಹೋಗುವ ತೂಗುಸೇತುವೆಯಿದೆ. ಸುಳ್ಯದ ಗಿರೀಶ್ ಭಾರದ್ವಾಜರು ನಾಡಿನ ಹಳ್ಳಿಹಳ್ಳಿಗಳಲ್ಲಿ ಕಟ್ಟಿ ಹೆಸರಾದ, 2017ರಲ್ಲಿ ಅವರನ್ನು ಪದ್ಮಶ್ರೀಗೂ ಪಾತ್ರರನ್ನಾಗಿಸಿದ ಬಗೆಯ ಕಾಲುಸೇತುವೆಗಳು ನದಿನಡುವಿನ ಜನರಿಗೆ ಶಾಲೆ, ಆಸ್ಪತ್ರೆ, ಪೇಟೆಗಳನ್ನು ಹತ್ತಿರ ಮಾಡಿವೆ; ಪ್ರವಾಸಿಗೆ ಈ ತೂಗುಸೇತುವೆ ಫೋಟೊ ತೆಗೆಯುವ ಜಾಗವಾದರೂ ಕುದ್ರುವಿನವರಿಗೆ ಅದೇ ಬೀದಿ. ಮುಂದೆ ಕೋಡಿಬೆಂಗ್ರೆಯ ಬಳಿ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಅಳಿವೆ, ಅಂದರೆ ನದೀಮುಖ, ಇದೆ.

ಗುಡಾರದ ಜಾಗವನ್ನು ಆರಿಸುವಾಗ ಮೊದಲು ದಡದಲ್ಲಿ ಒಣಗಿದ ಜೊಂಡು, ಚಿಪ್ಪು, ಕಸಕಡ್ಡಿಗಳು ಸಾಲಾಗಿ ಬಿದ್ದಿರುವ ಗೆರೆಯನ್ನು ಹುಡುಕಬೇಕು. ಹಿಂದಿನ ಉಬ್ಬರದ ನೀರು ಅಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಅದೇ ಗುರುತು, ಗುಡಾರ ಅದರಿಂದ ಸಾಕಷ್ಟು ಮೇಲಿರಬೇಕು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ರೇಖೆಯಿಂದ 20 ಮೀಟರ್ ನೆಲವನ್ನು ನಿರ್ಮಾಣರಹಿತ ವಲಯವೆಂದು ಗುರುತಿಸಿದೆ; ಒಂದು ರಾತ್ರಿಯ ಗುಡಾರ ನಿರ್ಮಾಣವಲ್ಲವಾದರೂ ಆ ಅಳತೆಯನ್ನು ಪಾಲಿಸುವುದು ಒಳ್ಳೆಯ ಪದ್ಧತಿ. ತೆಂಗಿನ ಮರದ ನೆರಳು ಎಷ್ಟೇ ಆಕರ್ಷಕವಾಗಿದ್ದರೂ ಅದರ ಕೆಳಗೆ ಗುಡಾರ ಹಾಕಬಾರದು, ಏಕೆಂದರೆ ರಾತ್ರಿ ಉದುರುವ ಕಾಯಿಯಾಗಲಿ ಒಣಗಿದ ಗರಿಯಾಗಲಿ ಬಟ್ಟೆಯ ಛಾವಣಿಯನ್ನು ಲೆಕ್ಕಿಸುವುದಿಲ್ಲ. ಮರಳಿನಲ್ಲಿ ನೇರವಾಗಿ ಬಡಿದ ಗೂಟ ನಿಲ್ಲದು. ಚಿಕ್ಕ ಬಟ್ಟೆಯ ಚೀಲಗಳಿಗೆ ಮರಳು ತುಂಬಿ, ಅವಕ್ಕೆ ಹಗ್ಗ ಕಟ್ಟಿ, ಒಂದು ಮೊಳ ಆಳದಲ್ಲಿ ಹೂತರೆ ಕಡಲ ಗಾಳಿಗೂ ಗುಡಾರ ಅಲುಗದು. ಕುಡಿಯುವ ನೀರನ್ನು ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರಿನಂತೆ ಪೇಟೆಯಿಂದಲೇ ತರುವುದು ಲೇಸು. ಸುತ್ತಲೂ ಉಪ್ಪುನೀರು ನುಗ್ಗುವ ಕುದ್ರುಗಳ ಬಾವಿಯಲ್ಲಿ ಸಿಹಿನೀರು ಮನೆಯವರಿಗೇ ಅಳತೆಯದಾಗಿರುತ್ತದೆ. ಬಂದಿರುವ ವಿಷಯವನ್ನು ಪಂಚಾಯಿತಿಗೋ ಪೊಲೀಸ್ ಠಾಣೆಗೋ ತಿಳಿಸಿರಬೇಕು. ತುರ್ತಿಗೆ 112 ಸಂಖ್ಯೆ ನೆನಪಿನಲ್ಲಿರಬೇಕು.

ಎರಡನೆಯ ದಿನವನ್ನು ಪೂರ್ತಿಯಾಗಿ ಕುದ್ರುವಿಗೇ ಮೀಸಲಿಟ್ಟರೆ ಮಾತ್ರ ಈ ಪ್ರವಾಸ ಸಾರ್ಥಕವಾಗುತ್ತದೆ. ಮನೆಯಲ್ಲಷ್ಟೇ ಕನ್ನಡ ಕೇಳಿ ಬೆಳೆದ ದೆಹಲಿಯ ಮಕ್ಕಳು ತುಳು, ಕೊಂಕಣಿ, ಕನ್ನಡಗಳು ಒಂದೇ ಅಂಗಳದಲ್ಲಿ ಬೆರೆಯುವುದನ್ನು ಇಲ್ಲಿ ಕೇಳುತ್ತಾರೆ. ನೀರಿನ ಏರಿಳಿತ ನೋಡಿ ದೋಣಿ ಇಳಿಸುವವರನ್ನೂ ಬಲೆ ನೇಯುವವರನ್ನೂ ಕಾಣುತ್ತಾರೆ.

ಉಳಿಸಬಾರದ ಖರ್ಚು

ಇಂಥ ಪ್ರವಾಸದಲ್ಲಿ ರೈಲಿನಲ್ಲಿ ಉಳಿಸಬಹುದು, ಬಸ್ಸಿನಲ್ಲಿ ಉಳಿಸಬಹುದು, ಊಟ ವಸತಿಗಳಲ್ಲಿ ಉಳಿಸಬಹುದು; ಎರಡು ಕಡೆ ಮಾತ್ರ ಉಳಿತಾಯ ಸಲ್ಲದು. ಮೊದಲನೆಯದು ದೋಣಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ನೀರುಪಾಲಾದರು. ಮಿತಿ ಮೀರಿ ಜನರನ್ನು ತುಂಬಿಕೊಂಡ, ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಎಷ್ಟೇ ಅಗ್ಗವಾದರೂ ಅದನ್ನು ಏರಬಾರದೆಂಬ ಪಾಠವನ್ನು ಕರಾವಳಿ ಅಂದು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ. ಎರಡನೆಯದು ಅಂಗಳ ಬಿಟ್ಟುಕೊಟ್ಟ ಮನೆಯವರಿಗೆ ಸಲ್ಲಬೇಕಾದ ಹಣ. ಅವರು ಹೇಳಿದ ಬಾಡಿಗೆಯನ್ನು ಕಡಿಮೆ ಮಾಡಿಸಿ ಉಳಿಸುವ ನೂರು ರೂಪಾಯಿಗೆ ದೆಹಲಿಯಲ್ಲಿ ಹೆಚ್ಚೇನೂ ಬರುವುದಿಲ್ಲ. ಕುದ್ರುವಿನಲ್ಲಿ ಮುಂದೆ ಬರುವ ಪ್ರವಾಸಿಗೆ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ.

ತಂದ ಕಸವನ್ನೆಲ್ಲ ಚೀಲದಲ್ಲಿ ಕಟ್ಟಿ ಉಡುಪಿಯವರೆಗೆ ಹೊತ್ತು ತರುವುದು, ಮರಳು ತುಂಬಿದ್ದ ಚೀಲಗಳನ್ನು ಅಲ್ಲೇ ಬರಿದು ಮಾಡುವುದು, ಗುಡಾರವಿದ್ದ ಜಾಗವನ್ನು ಕಾಲಿನಿಂದ ಸಮ ಮಾಡಿ ಹೊರಡುವುದು ಈ ಪ್ರವಾಸದ ಕೊನೆಯ ಕೆಲಸಗಳು. ಮುಂದಿನ ಚಳಿಗಾಲಕ್ಕೆ ಹೊರಡಬೇಕೆನ್ನುವ ಕುಟುಂಬಗಳು ಇಂದೇ ಕ್ಯಾಲೆಂಡರ್ ತೆಗೆದು ಒಂದು ಅಷ್ಟಮಿಯನ್ನು ಗುರುತಿಸಿ, ಪಯಣದ ದಿನದಿಂದ ಅರವತ್ತು ದಿನ ಹಿಂದಕ್ಕೆ ಎಣಿಸಿ, ಆ ದಿನದ ಮೇಲೊಂದು ಗೆರೆ ಎಳೆದಿಡಲಿ.